ಬೆಕ್ಕು ಇನ್ನೇನು ಮರಿ ಹಾಕಲಿದೆ: ಎಲ್ಲಿಯವರೆಗೆ ಕಾಯಬೇಕು, ಯಾವಾಗ ವೈದ್ಯರ ಬಳಿ ಓಡಬೇಕು?

ಕಾಡಿಗೆಯ ಮನೆ
ಎಲ್ಲರಿಗೂ ನಮಸ್ಕಾರ. ಕಾಡಿಗೆ ಎಂದು ನಾವು ಹೆಸರಿಟ್ಟಿರುವ ಕಪ್ಪು ಬೆಕ್ಕೊಂದು ತಾನಾಗಿಯೇ ನಮ್ಮ ಮನೆಗೆ ಬಂದು ಉಳಿದುಕೊಂಡಿದೆ. ಬಂದಾಗಲೇ ಗಬ್ಬವಾಗಿತ್ತು. ಯಾವಾಗ ಗಂಡಿನ ಜೊತೆ ಕೂಡಿತೆಂದು ತಿಳಿಯದ ಕಾರಣ ದಿನ ಎಣಿಸುವಂತಿಲ್ಲ. ಈಗ ಹೊಟ್ಟೆ ಎರಡೂ ಪಕ್ಕಕ್ಕೆ ಬುಟ್ಟಿಯಂತೆ ಉಬ್ಬಿದೆ. ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ದಪ್ಪಗಾಗಿವೆ. ಅವಳು ಮಲಗಿದ್ದಾಗ ಪಕ್ಕೆಯ ಮೇಲೆ ಕೈ ಇಟ್ಟರೆ ಒಳಗೆ ಮರಿಗಳು ಹೊರಳುವುದು ಗೊತ್ತಾಗುತ್ತದೆ. ಪಶುವೈದ್ಯರಿಗೆ ತೋರಿಸಿದ್ದೇವೆ. ತಾಯಿ ಆರೋಗ್ಯವಾಗಿದೆ, ಹೆರಿಗೆ ಹತ್ತಿರದಲ್ಲಿದೆ ಎಂದರು.

ನಮ್ಮ ಮನೆಯಲ್ಲಿ ಇದುವರೆಗೆ ಯಾವ ಪ್ರಾಣಿಯೂ ಮರಿ ಹಾಕಿಲ್ಲ. ಆ ಹೊತ್ತಿನಲ್ಲಿ ಏನೇನು ನಡೆಯುತ್ತದೆ, ನಾನು ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿದವರು ಹೇಳಿಕೊಡಿ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಬೇಕಿರುವುದು ಒಂದೇ: ಎಷ್ಟು ಹೊತ್ತು ಕಾಯುವುದು ಸಹಜ, ಎಲ್ಲಿಂದಾಚೆಗೆ ಅಪಾಯ? "ಹೆದರಬೇಡಿ, ಅದೇ ನೋಡಿಕೊಳ್ಳುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಅದು ನೋಡಿಕೊಳ್ಳಲಾಗದ ಸಂದರ್ಭ ಬಂದರೆ ನನಗೆ ಹೇಗೆ ತಿಳಿಯಬೇಕು?

ಹಳೆಯ ಮೆಟ್ಟಿಲು
ಕಾಡಿಗೆಗೆ ನಿಮ್ಮ ಮನೆ ಸಿಕ್ಕಿದ್ದು ಅವಳ ಪುಣ್ಯ. ಬೀದಿಯಿಂದ ಬಂದ ಎಷ್ಟೋ ಬಸುರಿ ಬೆಕ್ಕುಗಳನ್ನು ನೋಡಿಕೊಂಡಿದ್ದೇನೆ. ಮೊದಲು ಜಾಗದ ಮಾತು. ಹೆರಿಗೆಗೆ ಒಂದೆರಡು ವಾರ ಇರುವಾಗಲೇ ಜನ ಓಡಾಡದ, ಮಂದ ಬೆಳಕಿನ, ಗಾಳಿ ನೇರವಾಗಿ ಬೀಸದ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಡಿ. ತಾಯಿ ಕಾಲು ಚಾಚಿ ಮಲಗುವಷ್ಟು ಅಗಲವಿರಲಿ. ತಾಯಿ ಸುಲಭವಾಗಿ ದಾಟುವಂತೆ, ಮರಿಗಳು ಉರುಳಿ ಹೊರಗೆ ಬೀಳದಂತೆ ಒಂದು ಬದಿಯನ್ನು ಮಾತ್ರ ತಗ್ಗಾಗಿ ಕತ್ತರಿಸಿ. ಒಳಗೆ ಹಳೆಯ, ಶುದ್ಧವಾದ ಹತ್ತಿ ಬಟ್ಟೆ ಹಾಸಿ. ಎಳೆ ಬಿಟ್ಟ ಟವೆಲ್ ಬೇಡ, ಮರಿಗಳ ಉಗುರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಊಟ, ನೀರು ಹತ್ತಿರದಲ್ಲೇ ಇರಲಿ. ಮಲದ ತಟ್ಟೆ ಮಾತ್ರ ಸ್ವಲ್ಪ ದೂರವಿರಲಿ.

ಇಷ್ಟೆಲ್ಲ ಮಾಡಿದರೂ ಅವಳು ನಿಮ್ಮ ಬಟ್ಟೆಯ ಕಪಾಟನ್ನೇ ಆರಿಸಿಕೊಳ್ಳಬಹುದು. ಜಾಗ ಅಪಾಯಕಾರಿ ಅಲ್ಲದಿದ್ದರೆ ಅವಳ ಆಯ್ಕೆಯನ್ನೇ ಒಪ್ಪಿಕೊಳ್ಳಿ. ಬೇನೆ ಶುರುವಾದ ಮೇಲೆ ಎತ್ತಿ ಬೇರೆಡೆ ಇಟ್ಟರೆ ಗಾಬರಿಯಿಂದ ಹೆರಿಗೆಯೇ ನಿಂತುಹೋಗಬಹುದು.

ಹತ್ತಿರ ಬಂದಿರುವುದನ್ನು ನಡತೆಯೇ ಹೇಳುತ್ತದೆ. ಬಟ್ಟೆ ಕೆದಕುವುದು, ಮೂಲೆ ಮೂಲೆ ಹುಡುಕುವುದು, ಇದ್ದಕ್ಕಿದ್ದಂತೆ ಊಟ ಬಿಡುವುದು, ಹಿಂಭಾಗವನ್ನು ಮತ್ತೆ ಮತ್ತೆ ನೆಕ್ಕಿಕೊಳ್ಳುವುದು. ಕೆಲವು ಬೆಕ್ಕುಗಳು ನಿಮ್ಮನ್ನು ಬಿಟ್ಟು ಅಲುಗುವುದಿಲ್ಲ, ಕೆಲವು ಕಣ್ಣಿಗೇ ಬೀಳುವುದಿಲ್ಲ. ಮೊಲೆ ಒತ್ತಿ ಹಾಲು ಬಂದಿದೆಯೇ ಎಂದು ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ. ಅವಳಿಗೆ ನೋವಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ.

ಪಶುಸಹಾಯಕಿ
ನಾನು ಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ಸಹಾಯಕಿ. ವೈದ್ಯೆ ಅಲ್ಲ, ಆದರೆ ಹೆರಿಗೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಬೆಕ್ಕಿನ ಗರ್ಭಧಾರಣೆ ಸಾಮಾನ್ಯವಾಗಿ 63ರಿಂದ 65 ದಿನ. ಕೆಲವು ದಿನ ಹಿಂದೆ ಮುಂದೆ ಆಗುವುದು ಸಹಜ. ನಿಮಗೆ ದಿನಾಂಕ ಗೊತ್ತಿಲ್ಲದ ಕಾರಣ ಎಕ್ಸ್‌ರೇ ತೆಗೆಸುವ ಬಗ್ಗೆ ವೈದ್ಯರನ್ನು ಕೇಳಿ. ಗರ್ಭದ ಕೊನೆಯ ಹಂತದಲ್ಲಿ ಮರಿಗಳ ಮೂಳೆ ಗಟ್ಟಿಯಾಗಿರುವುದರಿಂದ ತಲೆ ಮತ್ತು ಬೆನ್ನುಮೂಳೆಗಳನ್ನು ಎಣಿಸಬಹುದು. ಎಷ್ಟು ಮರಿಗಳಿವೆ ಎಂದು ಮೊದಲೇ ತಿಳಿದಿದ್ದರೆ, ಹೆರಿಗೆ ಮುಗಿಯಿತೋ ಇಲ್ಲವೋ ಎಂಬ ಅನುಮಾನ ನಡುರಾತ್ರಿಯಲ್ಲಿ ಕಾಡುವುದಿಲ್ಲ. ಹೆಚ್ಚಾಗಿ ನಾಲ್ಕರ ಆಸುಪಾಸು ಇರುತ್ತವೆ. ಒಂದೇ ಇರಬಹುದು, ಎಂಟೂ ಇರಬಹುದು.

ದೇಹದ ಉಷ್ಣತೆಯೂ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುವುದು, ಹೆರಿಗೆಗೆ ಒಂದು ದಿನದೊಳಗೆ 37.5ರ ಆಸುಪಾಸಿಗೆ ಇಳಿಯಬಹುದು. ಎಲ್ಲ ಬೆಕ್ಕುಗಳಲ್ಲೂ ಇಳಿಕೆ ಎದ್ದು ಕಾಣುವುದಿಲ್ಲ. ಥರ್ಮಾಮೀಟರ್ ಕಂಡರೆ ಸಿಟ್ಟಾಗುವ ಬೆಕ್ಕಾದರೆ ಬಿಟ್ಟುಬಿಡಿ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮೊದಲ ಹಂತ ಹೊರಗಿನವರಿಗೆ ಬೇನೆಯಂತೆಯೇ ಕಾಣುವುದಿಲ್ಲ. ಚಡಪಡಿಕೆ, ಏದುಸಿರು, ಜೋರಾದ ಗುರ್‌ಗುರ್ ಸದ್ದು, ಪೆಟ್ಟಿಗೆಗೆ ಹೋಗಿ ಬಂದು ಮಾಡುವುದು. ಇದು ಹನ್ನೆರಡು ಗಂಟೆ ನಡೆಯಬಹುದು, ಚೊಚ್ಚಲಾದರೆ ಇಡೀ ದಿನವೂ ಆಗಬಹುದು. ಇಲ್ಲಿ ಕಾಯುವುದರಲ್ಲಿ ತಪ್ಪಿಲ್ಲ. ಗಡಿಯಾರ ನೋಡಬೇಕಾದದ್ದು ಎರಡನೆಯ ಹಂತದಲ್ಲಿ, ಅಂದರೆ ಹೊಟ್ಟೆ ಬಿಗಿಹಿಡಿದು ತಿಣುಕಲು ಶುರುಮಾಡಿದಾಗ. ಬಲವಾಗಿ, ಬಿಡದೆ ತಿಣುಕುತ್ತ ಇಪ್ಪತ್ತರಿಂದ ಮೂವತ್ತು ನಿಮಿಷವಾದರೂ ಮರಿ ಬರದಿದ್ದರೆ ವೈದ್ಯರಿಗೆ ಕರೆ ಮಾಡಿ. ಮರಿಯ ಯಾವುದಾದರೂ ಭಾಗ ಹೊರಗೆ ಕಾಣಿಸಿ ಹತ್ತು ನಿಮಿಷವಾದರೂ ಮುಂದೆ ಸರಿಯದಿದ್ದರೆ ತಕ್ಷಣ ಹೊರಡಿ. ತಾಜಾ ಕೆಂಪು ರಕ್ತ ಹತ್ತು ನಿಮಿಷ ಕಳೆದರೂ ನಿಲ್ಲದಿದ್ದರೆ, ದುರ್ವಾಸನೆಯ ಸ್ರಾವ ಬಂದರೆ, ಮೈ ನಡುಗಿದರೆ ಅಥವಾ ತಲೆ ಎತ್ತಲಾಗದಷ್ಟು ಸೋತರೆ ಕರೆ ಮಾಡುತ್ತಲೇ ಹೊರಡಿ. ರಾತ್ರಿ ತೆರೆದಿರುವ ಚಿಕಿತ್ಸಾಲಯ ಯಾವುದು, ಅಲ್ಲಿಗೆ ಹೋಗುವ ವಾಹನ ಯಾವುದು ಎಂಬುದನ್ನು ಇವತ್ತೇ ನಿಶ್ಚಯಿಸಿಕೊಳ್ಳಿ.

ಬೆಳಗಿನ ನಿದ್ದೆ
ಇಷ್ಟು ಲೆಕ್ಕಾಚಾರ ಬೇಕೇ? ಬೆಕ್ಕುಗಳು ನಮ್ಮ ಗಡಿಯಾರ ನೋಡಿ ಹೆರುವುದಿಲ್ಲ. ನಮ್ಮ ಮನೆಯ ಬೆಕ್ಕು ಎಷ್ಟೋ ಸಲ ಈದಿದೆ. ಪ್ರತಿ ಸಲವೂ ಬೆಳಗ್ಗೆ ಎದ್ದು ನೋಡಿದರೆ ಮರಿಗಳು ಹಾಲು ಕುಡಿಯುತ್ತ ಮಲಗಿರುತ್ತಿದ್ದವು. ಮನುಷ್ಯರು ಪಕ್ಕದಲ್ಲಿ ಕುಳಿತು ಇಣುಕಿ ನೋಡುವುದರಿಂದಲೇ ಹೆಚ್ಚು ತೊಂದರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಾಗಿಲು ಮುಂದೆ ಮಾಡಿ, ದೀಪ ಆರಿಸಿ, ಅವಳ ಪಾಡಿಗೆ ಅವಳನ್ನು ಬಿಡಿ.

ಹಳೆಯ ಮೆಟ್ಟಿಲು
ಬೆಳಗಿನ ನಿದ್ದೆ ಅವರೇ, ಇಣುಕಬಾರದು ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮೊಬೈಲ್ ಹಿಡಿದು ವಿಡಿಯೊ ಮಾಡುವವರು, ಅಕ್ಕಪಕ್ಕದ ಮಕ್ಕಳನ್ನು ಕರೆದು ತೋರಿಸುವವರು ಆ ತಾಯಿಗೆ ಅನ್ಯಾಯ ಮಾಡುತ್ತಾರೆ. ಆದರೆ ಇಣುಕುವುದು ಬೇರೆ, ಕಾವಲಿರುವುದು ಬೇರೆ. ಕೋಣೆಯ ಇನ್ನೊಂದು ತುದಿಯಲ್ಲಿ ಸದ್ದಿಲ್ಲದೆ ಕುಳಿತು, ಮೊದಲ ಮರಿ ಯಾವಾಗ ಬಂತು, ಮಾಸು ಬಿತ್ತೇ, ಮುಂದಿನದು ಯಾವಾಗ ಬಂತು ಎಂದು ಕಾಗದದಲ್ಲಿ ಬರೆದುಕೊಂಡರೆ ಅವಳಿಗೆ ಯಾವ ತೊಂದರೆಯೂ ಇಲ್ಲ. ವೈದ್ಯರಿಗೆ ಕರೆ ಮಾಡುವ ಪರಿಸ್ಥಿತಿ ಬಂದರೆ ಅವರು ಕೇಳುವ ಮೊದಲ ಪ್ರಶ್ನೆಯೇ "ಎಷ್ಟು ಹೊತ್ತಿನಿಂದ?" ಎಂಬುದು. ನಿಮ್ಮ ಬೆಕ್ಕು ಹಲವು ಸಲ ಹೆತ್ತ ಅನುಭವಿ. ಕಾಡಿಗೆಗೆ ಇದು ಚೊಚ್ಚಲೋ ಏನೋ ಯಾರಿಗೂ ತಿಳಿಯದು.

ನೀಲಿ ಕಿಟಕಿ
ಕಾವಲಿರಿ ಎಂದು ನಾನೂ ಕೈ ಮುಗಿದು ಕೇಳುತ್ತೇನೆ. ನಮ್ಮ ಮನೆಯದು ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕು. ಆ ತಳಿಗಳಲ್ಲಿ ಮರಿಗಳ ತಲೆ ದೊಡ್ಡದಿರುವುದರಿಂದ ಹೆರಿಗೆ ಕಷ್ಟವಾಗುವುದು ಹೆಚ್ಚು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಸಂಜೆ ತಿಣುಕಲು ಶುರುಮಾಡಿದಳು. ಅರ್ಧ ಗಂಟೆ ಹತ್ತಿರವಾದರೂ ಏನೂ ಕಾಣಲಿಲ್ಲ. ಅವಳು ನನ್ನ ಕಡೆ ನೋಡಿ ಕೂಗಿದ ಬಗೆಯನ್ನು ನೆನೆದರೆ ಈಗಲೂ ಕರುಳು ಹಿಂಡುತ್ತದೆ. ತಕ್ಷಣ ಕರೆದೊಯ್ದೆವು. ಮೊದಲ ಮರಿ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಸಿಸೇರಿಯನ್ ಮಾಡಿದರು. ಆ ಒಂದು ಮರಿ ಉಳಿಯಲಿಲ್ಲ. ಹಿಂದಿದ್ದ ಮೂರೂ ಬದುಕಿದವು, ತಾಯಿಯೂ ಬದುಕಿದಳು. ಅರಿವಳಿಕೆಯ ಮಂಪರು ಇಳಿಯುವವರೆಗೆ ಮರಿಗಳನ್ನು ನಾವೇ ಬೆಚ್ಚಗೆ ಇಟ್ಟುಕೊಂಡೆವು. ಎಚ್ಚರವಾದ ಮೇಲೆ ಒಂದೊಂದನ್ನೇ ಮೊಲೆಗೆ ಹಿಡಿದಾಗ ಅವಳು ನೆಕ್ಕಲು ಶುರುಮಾಡಿದಳು.

ಇನ್ನೊಂದು ವಿಷಯ. ಹೆರಿಗೆ ತಡವಾದರೆ ಕೊಡಿ ಎಂದು ಯಾರೋ ಚುಚ್ಚುಮದ್ದಿನ ಹೆಸರು ಹೇಳುತ್ತಾರೆ. ಆಕ್ಸಿಟೋಸಿನ್ ಅನ್ನು ಮನೆಯಲ್ಲಿ ಯಾರೂ ಕೊಡಬಾರದು. ದಾರಿಗೆ ಅಡ್ಡ ಸಿಕ್ಕಿದ ಮರಿಯ ಹಿಂದೆ ಗರ್ಭಕೋಶವನ್ನು ಬಲವಂತವಾಗಿ ಹಿಂಡಿದರೆ ಅದು ಹರಿದುಹೋಗಬಹುದು. ನೋವಿಗೆಂದು ಮನುಷ್ಯರ ಮಾತ್ರೆಯನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ನೇರವಾದ ವಿಷ.

ಬೆಳಗಿನ ನಿದ್ದೆ
ನೀಲಿ ಕಿಟಕಿ ಅವರೇ, ನಿಮ್ಮ ಅನುಭವ ಓದಿ ಮನಸ್ಸು ಭಾರವಾಯಿತು. ಅಂಥ ಸಂದರ್ಭದಲ್ಲಿ ಯಾರೂ ಇರದೇ ಹೋಗಿದ್ದರೆ ನಾಲ್ಕೂ ಮರಿಗಳ ಜೊತೆ ತಾಯಿಯೂ ಹೋಗುತ್ತಿದ್ದಳು. ದೂರದಿಂದ ಕಾವಲು ಎಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ಕೈ ಹಾಕುವುದಕ್ಕೆ ಮಾತ್ರ ಅವಸರ ಬೇಡ ಎಂಬುದನ್ನು ಬಿಡಲಾರೆ.

ತುಂತುರು
ಒಂದು ಪ್ರಶ್ನೆ ಕೇಳಲೇ? ಮರಿ ಪೊರೆಯೊಳಗೇ ಹುಟ್ಟುತ್ತದೆ ಎಂದು ಕೇಳಿದ್ದೇನೆ. ತಾಯಿ ಅದನ್ನು ಬಿಡಿಸದಿದ್ದರೆ ಏನು ಮಾಡಬೇಕು?

ಪಶುಸಹಾಯಕಿ
ತುಂತುರು ಅವರೇ, ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಸಾಮಾನ್ಯವಾಗಿ ತಾಯಿ ಕೂಡಲೇ ಪೊರೆ ಹರಿದು, ಮೂಗು ಬಾಯಿ ನೆಕ್ಕಿ, ಹೊಕ್ಕುಳಬಳ್ಳಿ ಕಡಿಯುತ್ತದೆ. ಒಂದು ನಿಮಿಷ ಕಳೆದರೂ ಅದು ಗಮನಿಸದಿದ್ದರೆ ಮಾತ್ರ ನಾವು ಕೈ ಹಾಕಬೇಕು. ಶುದ್ಧವಾಗಿ ತೊಳೆದ ಕೈಯಿಂದ ಮುಖದ ಕಡೆಯಿಂದ ಪೊರೆ ಹರಿಯಿರಿ. ಮೂಗು, ಬಾಯಿಯ ಲೋಳೆಯನ್ನು ಬಟ್ಟೆಯಿಂದ ಒರೆಸಿ. ಆಮೇಲೆ ಮರಿಯ ತಲೆ ಸ್ವಲ್ಪ ಕೆಳಗಿರುವಂತೆ ಹಿಡಿದು, ಒಣ ಬಟ್ಟೆಯಿಂದ ಬೆನ್ನನ್ನು ಚೆನ್ನಾಗಿ ಉಜ್ಜಿ. ಅದು ಕೂಗಬೇಕು, ನಾಲಿಗೆ ಗುಲಾಬಿಯಾಗಬೇಕು. ಕೂಗಲಿಲ್ಲವೆಂದು ಬೇಗ ಕೈಬಿಡಬೇಡಿ, ಹದಿನೈದು ಇಪ್ಪತ್ತು ನಿಮಿಷ ಉಜ್ಜಿದ ಮೇಲೆ ಉಸಿರಾಡಿದ ಮರಿಗಳೂ ಇವೆ. ಮರಿಯನ್ನು ಕೈಯಲ್ಲಿ ಹಿಡಿದು ಬೀಸುವ ಹಳೆಯ ಪದ್ಧತಿ ಬೇಡವೇ ಬೇಡ. ಮಿದುಳಿಗೆ ಪೆಟ್ಟಾಗುತ್ತದೆ.

ಬಳ್ಳಿಯನ್ನು ತಾಯಿ ಕಡಿಯದಿದ್ದರೆ ಮರಿಯ ಹೊಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಶುದ್ಧ ದಾರ ಕಟ್ಟಿ, ಗಂಟಿನ ಆಚೆ ಬದಿಯಲ್ಲಿ ಕತ್ತರಿಸಿ. ಎಳೆಯಬಾರದು, ಹೊಕ್ಕುಳು ಹರಿಯುತ್ತದೆ. ಮಾಸನ್ನು ತಾಯಿ ತಿಂದರೆ ಗಾಬರಿಯಾಗಬೇಡಿ, ಅದು ಸಹಜ. ಎಲ್ಲವನ್ನೂ ತಿಂದರೆ ಕೆಲವೊಮ್ಮೆ ಭೇದಿಯಾಗುತ್ತದೆ, ಒಂದೆರಡನ್ನು ತೆಗೆದಿಟ್ಟರೆ ತೊಂದರೆಯಿಲ್ಲ. ಎಣಿಕೆಯನ್ನು ಮಾತ್ರ ಬಿಡಬೇಡಿ. ಮರಿಗೊಂದು ಮಾಸು. ಕೆಲವೊಮ್ಮೆ ಎರಡು ಮರಿಗಳು ಬಂದ ಮೇಲೆ ಎರಡು ಮಾಸು ಒಟ್ಟಿಗೆ ಬೀಳುತ್ತವೆ.

ಕಾಡಿಗೆಯ ಮನೆ
ಎಕ್ಸ್‌ರೇ ತೆಗೆಸಿದೆವು. ನಾಲ್ಕು ಬೆನ್ನುಮೂಳೆಗಳು ಸ್ಪಷ್ಟವಾಗಿ ಕಂಡವು. ಇವತ್ತು ಬೆಳಗ್ಗೆಯಿಂದ ಅವಳು ಊಟ ಮುಟ್ಟಿಲ್ಲ. ಪೆಟ್ಟಿಗೆಯೊಳಗೆ ಬಟ್ಟೆ ಕೆದಕುತ್ತಾಳೆ, ಹೊರಗೆ ಬಂದು ನನ್ನ ಕಾಲಿಗೆ ಮೈ ಉಜ್ಜಿ ಮತ್ತೆ ಒಳಗೆ ಹೋಗುತ್ತಾಳೆ. ಮನೆಯವರಿಗೆಲ್ಲ ಆ ಕೋಣೆಗೆ ಹೋಗಬೇಡಿ ಎಂದು ಹೇಳಿದ್ದೇನೆ. ಕಾಗದ, ಪೆನ್ನು, ಒಣ ಬಟ್ಟೆ, ದಾರ, ಕುದಿಸಿದ ಕತ್ತರಿ ಎಲ್ಲವೂ ಪಕ್ಕದಲ್ಲಿವೆ.

ಕಾಡಿಗೆಯ ಮನೆ, ರಾತ್ರಿ 9:50
ತಿಣುಕಲು ಶುರುವಾಗಿದೆ. ಒಂದು ಪಕ್ಕಕ್ಕೆ ಮಲಗಿ, ಹಿಂಗಾಲುಗಳನ್ನು ಪೆಟ್ಟಿಗೆಯ ಗೋಡೆಗೆ ಒತ್ತಿ ಹಿಡಿದಿದ್ದಾಳೆ.

ಕಾಡಿಗೆಯ ಮನೆ, ರಾತ್ರಿ 10:05
ಬಾಲ ಕಾಣಿಸುತ್ತಿದೆ! ತಲೆಯಲ್ಲ, ಬಾಲ ಮತ್ತು ಹಿಂಗಾಲು. ಇದು ಉಲ್ಟಾ ಅಲ್ಲವೇ? ಹೊರಡಬೇಕೇ?

ಪಶುಸಹಾಯಕಿ
ಹೊರಡಬೇಡಿ, ಉಸಿರು ತೆಗೆದುಕೊಳ್ಳಿ. ಬೆಕ್ಕಿನ ಮರಿಗಳು ಹಿಂಭಾಗ ಮುಂದಾಗಿ ಬರುವುದು ಬಹಳ ಸಾಮಾನ್ಯ, ಬಹುತೇಕ ಸಲ ಅವು ಸರಾಗವಾಗಿಯೇ ಬರುತ್ತವೆ. ಈಗಿನಿಂದ ಹತ್ತು ನಿಮಿಷ ಎಣಿಸಿ. ಪ್ರತಿ ತಿಣುಕಿಗೂ ಸ್ವಲ್ಪ ಸ್ವಲ್ಪ ಮುಂದೆ ಬರುತ್ತಿದ್ದರೆ ಮುಟ್ಟಬೇಡಿ. ನಿಂತುಬಿಟ್ಟರೆ ಮೊದಲು ವೈದ್ಯರಿಗೆ ಕರೆ ಮಾಡಿ. ಅವರು ಎಳೆಯಲು ಹೇಳಿದರೆ ಮಾತ್ರ, ಶುದ್ಧ ಬಟ್ಟೆಯಿಂದ ಸೊಂಟದ ಭಾಗವನ್ನು ಹಿಡಿದು, ಅವಳು ತಿಣುಕಿದಾಗ ಮಾತ್ರ, ತಾಯಿಯ ಹಿಮ್ಮಡಿಯ ದಿಕ್ಕಿಗೆ ಮೆಲ್ಲಗೆ. ಒಂದು ಕಾಲನ್ನಷ್ಟೇ ಅಥವಾ ಬಾಲವನ್ನಷ್ಟೇ ಹಿಡಿದು ಎಳೆಯಬೇಡಿ.

ಕಾಡಿಗೆಯ ಮನೆ, ರಾತ್ರಿ 10:11
ಬಂತು! ತಾನಾಗಿಯೇ ಜಾರಿ ಬಂತು. ಕಪ್ಪು ಮರಿ. ಕಾಡಿಗೆ ಒಂದು ಕ್ಷಣ ಬೆರಗಾಗಿ ನೋಡಿದಳು, ಆಮೇಲೆ ನೆಕ್ಕಲು ಶುರುಮಾಡಿದಳು. ಎಷ್ಟು ಒರಟಾಗಿ ನೆಕ್ಕುತ್ತಾಳೆಂದರೆ ಮರಿ ಉರುಳುತ್ತಿದೆ. ಕೂಗುತ್ತಿದೆ. ನನಗೆ ಕಣ್ಣು ತುಂಬಿ ಬಂತು.

ಹಳೆಯ ಮೆಟ್ಟಿಲು
ಶುಭಾಶಯಗಳು! ಆ ಒರಟುತನ ಬೇಕು. ಅದರಿಂದಲೇ ಮರಿಯ ಉಸಿರು ಮತ್ತು ರಕ್ತಸಂಚಾರ ಚುರುಕಾಗುತ್ತದೆ. ಮುಂದಿನ ಮರಿ ಹತ್ತು ನಿಮಿಷಕ್ಕೂ ಬರಬಹುದು, ಒಂದು ಗಂಟೆಗೂ ಬರಬಹುದು. ನಡುವೆ ಮೊದಲ ಮರಿ ಮೊಲೆ ಹಿಡಿದರೆ ಇನ್ನೂ ಒಳ್ಳೆಯದು. ಹಾಲು ಚೀಪುವುದರಿಂದ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ತಾನಾಗಿಯೇ ಸುರಿದು ಗರ್ಭಕೋಶ ಬಿಗಿಯುತ್ತದೆ.

ಕಾಡಿಗೆಯ ಮನೆ, ರಾತ್ರಿ 11:15
ಎರಡನೆಯದು ಬಂದಾಗ ಅವಳು ಮೊದಲನೆಯದನ್ನೇ ನೆಕ್ಕುತ್ತಿದ್ದಳು. ಹೊಸ ಮರಿ ಹಿಂದೆ ಪೊರೆಯೊಳಗೇ ಬಿದ್ದಿತ್ತು. ತಿರುಗುತ್ತಾಳೇನೋ ಎಂದು ಕಾದೆ, ತಿರುಗಲಿಲ್ಲ. ಮುಖದ ಕಡೆಯಿಂದ ಪೊರೆ ಹರಿದು ಬಟ್ಟೆಯಲ್ಲಿ ಉಜ್ಜಿದೆ. ಬಾಯಿ ತೆರೆದು ಕೂಗಿತು. ಆ ಕೂಗು ಕೇಳಿದ್ದೇ ತಡ, ಅವಳು ತಿರುಗಿ ನನ್ನ ಕೈಯಿಂದಲೇ ಮರಿಯನ್ನು ಕಸಿದುಕೊಂಡಳು. ಇದು ಕಿತ್ತಳೆ ಬಣ್ಣದ್ದು. ಮೂರನೆಯದು ಹೆಚ್ಚು ಹೊತ್ತು ಬಿಡದೆ ಬಂತು, ಮತ್ತೊಂದು ಕಪ್ಪು. ಮಾಸು ಮೂರು ಬಿದ್ದಿವೆ. ಬರೆದುಕೊಂಡಿದ್ದೇನೆ. ತುಂತುರು ಅವರೇ, ನೀವು ಆ ಪ್ರಶ್ನೆ ಕೇಳಿದ್ದಕ್ಕೆ ಈ ಕಿತ್ತಳೆ ಮರಿ ನಿಮಗೆ ಋಣಿ.

ಕಾಡಿಗೆಯ ಮನೆ, ರಾತ್ರಿ 1:40
ನಾಲ್ಕನೆಯದರ ಸುಳಿವಿಲ್ಲ. ಎರಡು ಗಂಟೆ ದಾಟಿತು. ತಿಣುಕುತ್ತಿಲ್ಲ. ನೀರು ಕುಡಿದಳು, ಸ್ವಲ್ಪ ತಿಂದಳು, ಮರಿಗಳಿಗೆ ಹಾಲು ಕೊಡುತ್ತ ಗುರ್‌ಗುರ್ ಎನ್ನುತ್ತ ಮಲಗಿದ್ದಾಳೆ. ಎಕ್ಸ್‌ರೇಯಲ್ಲಿ ನಾಲ್ಕಿದ್ದವು. ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ.

ಪಶುಸಹಾಯಕಿ
ವೈದ್ಯರಿಗೆ ಈಗಲೇ ಕರೆ ಮಾಡಿ, ನೀವು ಬರೆದ ಹೊತ್ತುಗಳನ್ನೆಲ್ಲ ಓದಿ ಹೇಳಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬೆಕ್ಕುಗಳಲ್ಲಿ ಒಂದು ವಿಶೇಷವಿದೆ: ಕೆಲವು ಮರಿಗಳನ್ನು ಹೆತ್ತು, ಹೆರಿಗೆಯನ್ನೇ ನಿಲ್ಲಿಸಿ, ಮರಿಗಳಿಗೆ ಹಾಲೂಡಿಸಿ, ಉಂಡು, ಮಲಗಿ, ಒಂದು ದಿನದ ಬಳಿಕ ಉಳಿದ ಮರಿಗಳನ್ನು ಹೆರಬಲ್ಲವು. ಆ ಬಿಡುವಿನಲ್ಲಿ ತಾಯಿ ಈಗ ಕಾಡಿಗೆ ಇರುವಂತೆಯೇ ನೆಮ್ಮದಿಯಾಗಿರುತ್ತದೆ. ಆದರೆ ಸುಸ್ತಾಗಿ ಗರ್ಭಕೋಶವೇ ಸೋತಿದ್ದರೂ ತಿಣುಕು ನಿಲ್ಲುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ತಿಣುಕು ನಿಂತಿರುವುದರಿಂದ ತಿಳಿಯಲಾಗದು, ತಾಯಿಯ ಸ್ಥಿತಿಯಿಂದ ತಿಳಿಯಬೇಕು. ಒಸಡು ಗುಲಾಬಿಯಾಗಿದೆಯೇ, ಸ್ರಾವಕ್ಕೆ ವಾಸನೆಯಿದೆಯೇ, ಕರೆದರೆ ತಲೆ ಎತ್ತುತ್ತಾಳೆಯೇ ಎಂದು ನೋಡಿ ಅವರಿಗೆ ಹೇಳಿ.

ನೀಲಿ ಕಿಟಕಿ
ನಾನೂ ಎಚ್ಚರವಾಗಿದ್ದೇನೆ. ಕರೆ ಮಾಡಲು ಸಂಕೋಚ ಬೇಡ. ನಡುರಾತ್ರಿ ಎಬ್ಬಿಸಿದ್ದಕ್ಕೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಕಾಡಿಗೆಯ ಮನೆ, ರಾತ್ರಿ 2:05
ಮಾತಾಡಿದೆ. ಎಲ್ಲ ಕೇಳಿಸಿಕೊಂಡು, ಅವಳು ಉಣ್ಣುತ್ತಿದ್ದಾಳೆ, ಒಸಡು ಗುಲಾಬಿಯಾಗಿದೆ ಎಂದ ಮೇಲೆ ಬೆಳಗಿನವರೆಗೆ ಕಾಯಲು ಹೇಳಿದರು. ತಿಣುಕಲು ಶುರುಮಾಡಿ ಇಪ್ಪತ್ತು ನಿಮಿಷವಾದರೂ ಬರದಿದ್ದರೆ, ಅಥವಾ ಅವಳು ಮಂಕಾದರೆ ತಕ್ಷಣ ಕರೆತನ್ನಿ, ಏನೂ ಆಗದಿದ್ದರೂ ಬೆಳಗ್ಗೆ ಸ್ಕ್ಯಾನ್ ಮಾಡಿ ಮರಿಯ ಎದೆಬಡಿತ ನೋಡೋಣ ಎಂದರು.

ಕಾಡಿಗೆಯ ಮನೆ, ಬೆಳಗ್ಗೆ 6:30
ನಾಲ್ಕನೆಯದು ಈಗ ಬಂತು! ತಲೆ ಮುಂದಾಗಿ, ಕೆಲವೇ ತಿಣುಕಿಗೆ. ಬೂದು ಬಣ್ಣದ ಪಟ್ಟೆಯ ಮರಿ, ಎಲ್ಲಕ್ಕಿಂತ ಚಿಕ್ಕದು. ಜೀವಂತವಾಗಿದೆ. ನಾಲ್ಕನೆಯ ಮಾಸೂ ಬಿತ್ತು. ತಾಯಿಯನ್ನೂ ಮರಿಗಳನ್ನೂ ವೈದ್ಯರು ನೋಡಿ, ಗರ್ಭಕೋಶ ಖಾಲಿಯಾಗಿದೆ ಎಂದು ಖಚಿತಪಡಿಸಲು ಇವತ್ತೇ ಬರುತ್ತಾರೆ. ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ.

ತುಂತುರು
ಅಬ್ಬಾ, ಒಂದೇ ಉಸಿರಿನಲ್ಲಿ ಓದಿದೆ. ಕಪ್ಪು, ಕಿತ್ತಳೆ, ಬೂದು ಪಟ್ಟೆ! ಒಂದೇ ಹೊಟ್ಟೆಯಲ್ಲಿ ಇಷ್ಟು ಬಣ್ಣವೇ?

ಪಶುಸಹಾಯಕಿ
ಒಬ್ಬನೇ ತಂದೆಯಿಂದಲೂ ಬೇರೆ ಬೇರೆ ಬಣ್ಣದ ಮರಿಗಳು ಹುಟ್ಟುತ್ತವೆ. ಆದರೆ ಇಲ್ಲಿ ಒಂದು ಸಂಗತಿ ಇದೆ. ಕಿತ್ತಳೆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡು ಮರಿಗೆ ಆ ವರ್ಣತಂತು ತಾಯಿಯಿಂದ ಮಾತ್ರ ಬರುತ್ತದೆ. ಪೂರ್ತಿ ಕಪ್ಪು ತಾಯಿಗೆ ಪೂರ್ತಿ ಕಿತ್ತಳೆ ಮರಿ ಹುಟ್ಟುವುದು ಸಾಮಾನ್ಯವಲ್ಲ. ಕಾಡಿಗೆಯ ಮೈಯಲ್ಲಿ ಎಲ್ಲಾದರೂ ಕಿತ್ತಳೆಯ ಮಚ್ಚೆ ಇದೆಯೇ ನೋಡಿ. ತಂದೆಯರೂ ಬೇರೆ ಬೇರೆ ಇರಬಹುದು. ಬೆಕ್ಕಿಗೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು, ಬೆದೆಯ ದಿನಗಳಲ್ಲಿ ಹಲವು ಗಂಡುಗಳ ಜೊತೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುತ್ತಾರೆ.

ಕಾಡಿಗೆಯ ಮನೆ
ಇದೆ! ಹೊಟ್ಟೆಯ ಕೆಳಗೆ, ಒಂದು ಹಿಂಗಾಲಿನ ಒಳಬದಿಯಲ್ಲಿ ಕಿತ್ತಳೆಯ ಕೂದಲಿನ ತೇಪೆ ಇದೆ. ಮಲಗಿದಾಗಲೆಲ್ಲ ಧೂಳಿನ ಬಣ್ಣ ಎಂದುಕೊಂಡಿದ್ದೆವು.

ವೈದ್ಯರು ನೋಡಿ ಎಲ್ಲ ಸರಿಯಿದೆ ಎಂದರು. ಇನ್ನು ಮುಂದಿನ ದಿನಗಳ ಬಗ್ಗೆ ಹೇಳಿ. ಬೂದು ಮರಿಯ ಚಿಂತೆ ನನಗೆ. ಉಳಿದವು ಅದನ್ನು ತಳ್ಳಿ ಮೊಲೆ ಹಿಡಿಯುತ್ತವೆ.

ಹಳೆಯ ಮೆಟ್ಟಿಲು
ಮೊದಲ ದಿನದ ಗಿಣ್ಣುಹಾಲು ಅದಕ್ಕೆ ಸಿಗಲೇಬೇಕು. ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದು ಬಹುಪಾಲು ಅದರಿಂದಲೇ, ಅದೂ ಹುಟ್ಟಿದ ಒಂದು ದಿನದೊಳಗೆ. ಉಳಿದವು ಹೊಟ್ಟೆ ತುಂಬಿ ಮಲಗಿದಾಗ ಬೂದು ಮರಿಯನ್ನು ಎತ್ತಿ ಹಿಂದಿನ ಮೊಲೆಗೆ ಹಿಡಿಯಿರಿ. ಹಿಂದಿನವುಗಳಲ್ಲಿ ಹಾಲು ಹೆಚ್ಚು ಇಳಿಯುವುದನ್ನು ಕಂಡಿದ್ದೇನೆ.

ಅಡಿಗೆಮನೆಯ ಚಿಕ್ಕ ತಕ್ಕಡಿ ಇದ್ದರೆ ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ. ಹುಟ್ಟಿದಾಗ ಸಾಮಾನ್ಯವಾಗಿ 90ರಿಂದ 110 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡು ವಾರಕ್ಕೆ ಸುಮಾರು ಇಮ್ಮಡಿಯಾಗಬೇಕು. ಮೊದಲ ದಿನ ಸ್ವಲ್ಪ ಇಳಿದರೆ ಪರವಾಗಿಲ್ಲ. ಆಮೇಲೂ ಇಳಿದರೆ, ಅಥವಾ ಒಂದು ಇಡೀ ದಿನ ಏರದಿದ್ದರೆ ವೈದ್ಯರಿಗೆ ತಿಳಿಸಿ. ಅಷ್ಟು ಪುಟ್ಟ ದೇಹದಲ್ಲಿ ಕಾಯಲು ಮಿಗುವುದೇನೂ ಇಲ್ಲ.

ಪಶುಸಹಾಯಕಿ
ತೂಕಕ್ಕಿಂತ ಮೊದಲು ಬಿಸಿ. ಮೊದಲ ವಾರ ಮರಿಗಳು ತಮ್ಮ ಮೈಬಿಸಿಯನ್ನು ತಾವೇ ಕಾಪಾಡಿಕೊಳ್ಳಲಾರವು. ಗೂಡಿನ ಒಂದು ಭಾಗ 30 ಡಿಗ್ರಿ ಆಸುಪಾಸು ಇರಲಿ, ಸೆಕೆಯಾದರೆ ಸರಿದುಕೊಳ್ಳಲು ತಂಪಾದ ಭಾಗವೂ ಇರಲಿ. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತದೆ ಇಡಬೇಡಿ. ಬೇರೆ ಹಾಲು ಕೊಡಬೇಕಾಗಿ ಬಂದರೆ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಬಳಸಿ. ಹಸುವಿನ ಹಾಲು ಅವುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ, ಪೋಷಣೆಯೂ ಸಾಲದು. ಮೈ ತಣ್ಣಗಿರುವ ಮರಿಗೆ ಏನನ್ನೂ ಕುಡಿಸಬೇಡಿ, ಮೊದಲು ಮೆಲ್ಲಗೆ ಬೆಚ್ಚಗಾಗಿಸಿ. ತಣ್ಣಗಿದ್ದಾಗ ಕರುಳು ಕೆಲಸ ಮಾಡುವುದಿಲ್ಲ. ಕುಡಿಸುವಾಗ ಹೊಟ್ಟೆ ಕೆಳಗಾಗಿಯೇ ಇರಲಿ, ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ತುಂತುರು
ಮನುಷ್ಯರು ಮುಟ್ಟಿದರೆ ತಾಯಿ ಮರಿಗಳನ್ನು ತೊರೆಯುತ್ತದೆ ಎನ್ನುತ್ತಾರಲ್ಲ? ಹಾಗಿದ್ದರೆ ದಿನವೂ ತೂಗುವುದು ಹೇಗೆ?

ಹಳೆಯ ಮೆಟ್ಟಿಲು
ನಂಬಿಕೆ ಇರುವ, ಮನೆಯವರೆಂದು ಗುರುತಿಸುವ ಬೆಕ್ಕು ಅಷ್ಟಕ್ಕೆ ತೊರೆಯುವುದಿಲ್ಲ. ಕೈ ತೊಳೆದು, ತಾಯಿಯ ಕಣ್ಣೆದುರೇ, ಬೇಗ ಮುಗಿಸಿ. ಆದರೆ ಗದ್ದಲ, ಅಪರಿಚಿತರು, ನಾಯಿಯ ಓಡಾಟ ಇದ್ದರೆ ಕತ್ತು ಕಚ್ಚಿಕೊಂಡು ಒಂದೊಂದನ್ನೇ ಬೇರೆಡೆಗೆ ಸಾಗಿಸುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಾಗೆ ಸಾಗಿಸಿದರೆ ಹೊಸ ಜಾಗ ಬೆಚ್ಚಗಿದೆಯೇ, ನಾಲ್ಕೂ ಅಲ್ಲಿವೆಯೇ ಎಂದು ಮಾತ್ರ ನೋಡಿ.

ನೀಲಿ ಕಿಟಕಿ
ತಾಯಿಯನ್ನು ಮರೆಯಬೇಡಿ, ಎಲ್ಲರ ಕಣ್ಣೂ ಮರಿಗಳ ಮೇಲೆಯೇ ಇರುತ್ತದೆ. ಕಂದುಗೆಂಪು ಸ್ರಾವ ಎರಡು ಮೂರು ವಾರ ದಿನೇ ದಿನೇ ಕಡಿಮೆಯಾಗುತ್ತ ಇರಬಹುದು. ವಾಸನೆ ಬಂದರೆ, ಜ್ವರ ಬಂದರೆ, ಒಂದು ಮೊಲೆ ಬಿಸಿಯಾಗಿ ಗಟ್ಟಿಯಾಗಿ ಅವಳು ಹಾಲೂಡಿಸಲು ಒಲ್ಲೆನೆಂದರೆ ಅದು ಸೋಂಕು. ಹಾಲು ಹೆಚ್ಚಾಗುವ ವಾರಗಳಲ್ಲಿ ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿಯುವುದೂ ಉಂಟು. ನಡುಕ, ಸೆಟೆದ ನಡಿಗೆ, ಏದುಸಿರು ಕಂಡರೆ ಒಂದು ಗಂಟೆಯೂ ತಡಮಾಡಬೇಡಿ, ಆ ಸ್ಥಿತಿಯಲ್ಲಿ ಜೀವ ಹೋಗುತ್ತದೆ. ಊಟಕ್ಕೆ ಮಿತಿ ಹಾಕಬೇಡಿ. ಮರಿಬೆಕ್ಕುಗಳ ಆಹಾರವನ್ನೇ ಅವಳಿಗೂ ಕೊಡಿ, ಅದರಲ್ಲಿ ಶಕ್ತಿ ಹೆಚ್ಚು.

ಕಾಡಿಗೆಯ ಮನೆ
ಸ್ವಲ್ಪ ದಿನಗಳಾದ ಮೇಲೆ ಬರೆಯುತ್ತಿದ್ದೇನೆ. ಬೂದು ಮರಿ ಮೊದಲು ತೂಕ ಏರದೆ ನಮ್ಮನ್ನು ಹೆದರಿಸಿತು. ವೈದ್ಯರ ಮಾತಿನಂತೆ ಹಾಲಿನ ಪುಡಿಯ ಆಸರೆ ಕೊಟ್ಟೆವು. ಈಗ ತಾನಾಗಿಯೇ ತಳ್ಳಾಡಿ ಮೊಲೆ ಹಿಡಿಯುತ್ತದೆ. ಕಿತ್ತಳೆ ಮರಿಯ ಒಂದು ಕಣ್ಣು ಅರ್ಧ ತೆರೆದಿದೆ. ಕೈಯಿಂದ ಬಿಡಿಸಬಾರದು ಎಂದು ತಿಳಿದಿದೆ, ಒಂದೆರಡು ವಾರದೊಳಗೆ ತಾನಾಗಿ ತೆರೆಯುತ್ತದಂತೆ.

ಹಿತ್ತಲಿನಲ್ಲಿ ಗಂಡು ಬೆಕ್ಕೊಂದು ರಾತ್ರಿಯೆಲ್ಲ ಕೂಗುತ್ತಿದೆ. ಹಾಲೂಡಿಸುವಾಗ ಮತ್ತೆ ಗಬ್ಬವಾಗುವುದಿಲ್ಲ ಎಂದು ಪಕ್ಕದವರು ಹೇಳಿದರು. ನಿಜವೇ?

ಪಶುಸಹಾಯಕಿ
ನಿಜವಲ್ಲ. ಹೆರಿಗೆಯಾದ ಕೆಲವೇ ವಾರಗಳಲ್ಲಿ, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಬೆಕ್ಕು ಬೆದೆಗೆ ಬರಬಹುದು, ಗಬ್ಬವಾಗಬಹುದು. ಅವಳ ದೇಹಕ್ಕೆ ಅದು ತಾಳಲಾರದ ಹೊರೆ. ಕಿಟಕಿ ಬಾಗಿಲು ಭದ್ರವಾಗಿರಲಿ, ಅವಳನ್ನು ಹೊರಗೆ ಬಿಡಲೇಬೇಡಿ. ಮರಿಗಳು ನಾಲ್ಕನೆಯ ವಾರದಿಂದ ಮೆತ್ತನೆಯ ಊಟ ಕಲಿಯುತ್ತವೆ, ಎಂಟನೆಯ ವಾರದ ಹೊತ್ತಿಗೆ ಹಾಲು ಬಿಡುತ್ತವೆ. ಹಾಲು ಬತ್ತಿದ ಕೂಡಲೇ ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ದಿನಾಂಕವನ್ನು ಈಗಲೇ ಕೇಳಿಟ್ಟುಕೊಳ್ಳಿ. ಜಂತುಹುಳುವಿನ ಔಷಧಿ ಮತ್ತು ಲಸಿಕೆಯ ವೇಳಾಪಟ್ಟಿಯನ್ನೂ ಅದೇ ಭೇಟಿಯಲ್ಲಿ ಬರೆಸಿಕೊಳ್ಳಿ. ಮರಿಗಳ ವಿಷಯವೂ ಅಷ್ಟೇ. ನಾಲ್ಕು ಐದು ತಿಂಗಳಿಗೇ ಹೆಣ್ಣುಮರಿ ಬಸುರಾಗಬಲ್ಲದು, ಜೊತೆಯಲ್ಲಿ ಹುಟ್ಟಿದ ಗಂಡಿನಿಂದಲೂ.

ಬೆಳಗಿನ ನಿದ್ದೆ
ಇದನ್ನು ಓದಿದ ಮೇಲೆ ನಮ್ಮ ಬೆಕ್ಕಿನ ಬಗ್ಗೆಯೂ ವೈದ್ಯರ ಬಳಿ ಮಾತಾಡಿ ಬಂದೆ. ಅದಕ್ಕೂ ಇಷ್ಟು ಸೂಲು ಸಾಕು. ಕಾಡಿಗೆಯ ಮನೆಯವರೇ, ಮರಿಗಳಿಗೆ ಮನೆ ಹುಡುಕುತ್ತೀರಾ?

ಕಾಡಿಗೆಯ ಮನೆ
ಹುಡುಕುತ್ತೇವೆ, ಆದರೆ ಅವಸರವಿಲ್ಲ. ಎಂಟು ವಾರ ತುಂಬುವ ಮೊದಲು ಒಂದನ್ನೂ ಕೊಡುವುದಿಲ್ಲ, ಸಾಧ್ಯವಾದರೆ ಹನ್ನೆರಡು ವಾರ ತಾಯಿಯ ಜೊತೆಗೇ ಇರಲಿ ಎಂದಿದ್ದೇವೆ. ಸಂತಾನಹರಣ ಮಾಡಿಸುತ್ತೇವೆ ಎಂದು ಒಪ್ಪಿಕೊಂಡವರಿಗೆ ಮಾತ್ರ ಕೊಡುವುದು. ಬೂದು ಮರಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅದು ನಮ್ಮಲ್ಲೇ ಉಳಿಯುತ್ತದೆ.